‘ಯಾಕೆ ಇವತ್ತೇ, ಮಿಸ್?’: ವಿಶೇಷ ದಿನಗಳ ತಾರೀಖಿನ ಹಿಂದೆ ಏನಿದೆ?

ಮಲೆನಾಡ ಟೀಚರ್ (ಫೆಬ್ರವರಿ 2, ರಾತ್ರಿ 8:40)

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಬ್ಬರು ಪೇಪರ್ ಓದುತ್ತಾರೆ, ಒಬ್ಬರು ಗಾದೆ ಹೇಳುತ್ತಾರೆ, ಕೊನೆಗೆ ‘ದಿನದ ವಿಶೇಷ’. ಹಿಂದಿನ ರಾತ್ರಿ ಮೊಬೈಲ್‌ನಲ್ಲಿ ಹುಡುಕಿ ನಾಲ್ಕು ವಾಕ್ಯ ಬರೆದುಕೊಂಡು ಹೋಗಿ ಕರಿಹಲಗೆ ಮೇಲೆ ಬರೆಸುವುದು ನನ್ನ ಪಾಲಿನ ಕೆಲಸ.

ಇವತ್ತು ‘ವಿಶ್ವ ಜೌಗು ಭೂಮಿ ದಿನ’ ಅಂತ ಬರೆಸಿದ್ದೆ. ಓದಿ ಮುಗಿಸುವಷ್ಟರಲ್ಲಿ ಐದನೇ ಕ್ಲಾಸಿನ ಒಬ್ಬಳು ಕೈ ಎತ್ತಿದಳು. ‘ಯಾಕೆ ಇವತ್ತೇ, ಮಿಸ್? ನಿನ್ನೆ ಜೌಗು ಇರಲಿಲ್ವಾ?’

ಮಕ್ಕಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಉತ್ತರ ಗೊತ್ತಿರಲಿಲ್ಲ. ಎಂಟು ವರ್ಷದಿಂದ ಈ ಹಲಗೆ ಬರೆಸುತ್ತಿದ್ದೇನೆ. ಒಂದು ಸಲವೂ ಆ ಪ್ರಶ್ನೆ ನನಗೇ ಬಂದಿರಲಿಲ್ಲ. ‘ನಾಳೆ ಹೇಳ್ತೀನಿ’ ಅಂತ ಮಾತು ಕೊಟ್ಟು ಬಂದಿದ್ದೇನೆ. ಇಲ್ಲಿ ಬೇರೆ ಬೇರೆ ಊರು, ಕೆಲಸದವರು ಇದ್ದೀರಿ. ನಿಮಗೆ ಗೊತ್ತಿರುವ ಯಾವುದೇ ದಿನ ಇರಲಿ, ಅದೇ ತಾರೀಖು ಯಾಕೆ ಅನ್ನುವುದನ್ನು ಹೇಳಿ. ಮಕ್ಕಳಿಗೆ ಅರ್ಥವಾಗುವ ಹಾಗೆ ಇದ್ದರೆ ಇನ್ನೂ ಒಳ್ಳೆಯದು.

ಕೆರೆ ಏರಿ (ಫೆಬ್ರವರಿ 2, ರಾತ್ರಿ 9:05)

ಟೀಚರೇ, ನಾಳೆಗೆ ಬೇಕಾದ ಉತ್ತರ ನನ್ನ ಹತ್ತಿರ ಇದೆ. ಇರಾನ್ ದೇಶದಲ್ಲಿ ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿ ರಾಮ್ಸರ್ ಅಂತ ಒಂದು ಊರಿದೆ. 1971ರ ಫೆಬ್ರವರಿ 2ರಂದು ಹಲವು ದೇಶದವರು ಅಲ್ಲಿ ಕೂತು ಒಂದು ಒಪ್ಪಂದ ಮಾಡಿಕೊಂಡರು. ಕೆರೆ, ಕೊಳ, ಅಳಿವೆ, ಜೌಗು ಜಾಗಗಳು ಸುಮ್ನೆ ಬಿದ್ದಿರುವ ಪಾಳು ನೆಲ ಅಲ್ಲ, ಅವನ್ನು ಉಳಿಸಿಕೊಳ್ಳಬೇಕು ಅಂತ. ಅದಕ್ಕೇ ಆ ಒಪ್ಪಂದದ ಪಟ್ಟಿಗೆ ಸೇರಿದ ಜಾಗಗಳಿಗೆ ‘ರಾಮ್ಸರ್ ತಾಣ’ ಅನ್ನುವುದು.

ನಮ್ಮ ರಾಜ್ಯಕ್ಕೆ ಮೊದಲು ಸಿಕ್ಕಿದ್ದು ರಂಗನತಿಟ್ಟು, 2022ರಲ್ಲಿ. ಆಮೇಲೆ 2024ರಲ್ಲಿ ಮೂರು ಸೇರಿದವು: ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ನಮ್ಮ ಅಂಕಸಮುದ್ರ. ನಾನು ಹಗರಿಬೊಮ್ಮನಹಳ್ಳಿ ಕಡೆಯವನು, ಅದಕ್ಕೇ ‘ನಮ್ಮ’ ಅಂದೆ. ಅಂಕಸಮುದ್ರ ಹೊಲಗಳಿಗೆ ನೀರು ಕೊಡಲು ಕಟ್ಟಿದ ಊರ ಕೆರೆ. ನೀರಿನ ನಡುವೆ ಕರಿಜಾಲಿ ಮರಗಳು ನಿಂತಿವೆ. ಆ ಮುಳ್ಳಿನ ಕೊಂಬೆ ಮೇಲೆ ಕೊಕ್ಕರೆಗಳು ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಬೆಳಿಗ್ಗೆ ಏರಿ ಮೇಲೆ ನಿಂತರೆ ಮರಿಗಳ ಗಲಾಟೆಯಲ್ಲಿ ಪಕ್ಕದವನ ಮಾತು ಕೇಳಿಸುವುದಿಲ್ಲ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅವು ಹಗಲು ನೀರಲ್ಲಿ, ರಾತ್ರಿ ರೈತರ ಹೊಲದಲ್ಲಿ.

‘ನಿನ್ನೆ ಜೌಗು ಇರಲಿಲ್ವಾ’ ಅಂದ ಹುಡುಗಿಗೆ ಹೇಳಿ: ಇತ್ತು ಮಗಾ. ಅದಕ್ಕೂ ಒಂದು ಬೆಲೆ ಇದೆ ಅಂತ ದೇಶಗಳು ಕೂತು ಒಪ್ಪಿಕೊಂಡದ್ದು ಆವತ್ತು.

ಮಲೆನಾಡ ಟೀಚರ್ (ಫೆಬ್ರವರಿ 2, ರಾತ್ರಿ 9:20)

ತುಂಬಾ ಥ್ಯಾಂಕ್ಸ್ ಅಣ್ಣ. ಕೊನೆಯ ಸಾಲು ಹಾಗೇ ಹೇಳುತ್ತೇನೆ.

ಬಯಲುಸೀಮೆ (ಫೆಬ್ರವರಿ 3, ಬೆಳಿಗ್ಗೆ 7:15)

ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ಈ ದಿನಗಳು ಜಾಸ್ತಿಯಾದವು ಅನ್ನಿಸುವುದಿಲ್ವಾ? ಆಲೂಗಡ್ಡೆಗೆ ಒಂದು ದಿನ, ಟೂನಾ ಮೀನಿಗೆ ಒಂದು ದಿನ. ನಮ್ಮ ಕಡೆ ಒಂದು ಕಚೇರಿ ಆವರಣದಲ್ಲಿ ಪ್ರತಿ ಜೂನ್ 5ಕ್ಕೆ ಸಸಿ ನೆಡುತ್ತಾರೆ. ಸತತ ಐದು ವರ್ಷ ನೋಡಿದ್ದೇನೆ, ಅದೇ ಗುಂಡಿ. ಹೋದ ವರ್ಷದ ಸಸಿ ಒಣಗಿದ ಕಡ್ಡಿಯಾಗಿ ನಿಂತಿರುತ್ತದೆ, ಅದನ್ನು ಕಿತ್ತು ಹೊಸದು ಇಡುತ್ತಾರೆ. ಫೋಟೋ ಆಗುತ್ತದೆ, ಎಲ್ಲರೂ ಟೀ ಕುಡಿದು ಹೋಗುತ್ತಾರೆ. ಆ ಗುಂಡಿ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ದಿನದ ಹೆಸರಲ್ಲಿ ಕೆಲಸ ಮುಗಿಸಿದ ಸಮಾಧಾನ ಸಿಗುತ್ತದೆ, ಕೆಲಸ ಮಾತ್ರ ಆಗುವುದಿಲ್ಲ.

ಹಳೇ ಕ್ಯಾಲೆಂಡರ್ (ಫೆಬ್ರವರಿ 3, ಬೆಳಿಗ್ಗೆ 10:30)

ಧಾರವಾಡದಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಬಯಲುಸೀಮೆಯವರ ಸಿಟ್ಟು ನನಗೂ ಇದೆ. ಆದರೆ ತಾರೀಖಿಗೂ ಗುಂಡಿಗೂ ಜಗಳ ಇಲ್ಲ. ಜೂನ್ 5 ಯಾಕೆ ಅಂದರೆ 1972ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾದ ದಿನ ಅದು. ಲೋಕದ ಹಲವು ಸರ್ಕಾರಗಳು ಪರಿಸರಕ್ಕೆಂದೇ ಸೇರಿದ ಮೊದಲ ದೊಡ್ಡ ಸಭೆ. ಬೇರೆ ದೇಶಗಳಿಂದ ಮಂತ್ರಿಗಳು, ಅಧಿಕಾರಿಗಳು ಬಂದಿದ್ದರು. ಭಾರತದಿಂದ ಪ್ರಧಾನಿ ಇಂದಿರಾ ಗಾಂಧಿಯವರೇ ಹೋಗಿ, ಬಡತನ ಹಾಗೇ ಇಟ್ಟುಕೊಂಡು ಪರಿಸರ ಕಾಪಾಡಲು ಆಗುವುದಿಲ್ಲ ಎಂಬ ವಾದ ಮುಂದಿಟ್ಟರು.

ಇನ್ನು ಆಲೂಗಡ್ಡೆ, ಟೂನಾ. ಈ ದಿನಗಳು ಹೇಗೆ ಹುಟ್ಟುತ್ತವೆ ಅಂತ ಒಂದು ಸಲ ತಿಳಿದುಕೊಂಡರೆ ಸಿಟ್ಟು ಸ್ವಲ್ಪ ಇಳಿಯುತ್ತದೆ. ಯಾವುದೋ ಒಂದು ದೇಶ ತನಗೆ ಬೇಕಾದ ವಿಷಯ ಹಿಡಿದು ವಿಶ್ವಸಂಸ್ಥೆಯ ಮಹಾಸಭೆಗೆ ನಿರ್ಣಯ ತರುತ್ತದೆ. ಬೇರೆ ದೇಶಗಳು ಜೊತೆಗೆ ಸಹಿ ಹಾಕುತ್ತವೆ. ಹೆಚ್ಚಾಗಿ ಮತಕ್ಕೆ ಹಾಕದೆ ಒಮ್ಮತದಲ್ಲೇ ಒಪ್ಪುತ್ತಾರೆ. ನಮ್ಮ ದೇಶ ಯೋಗ ದಿನ ಕೇಳಿತು, 177 ದೇಶಗಳು ಜೊತೆಗೆ ನಿಂತವು, 2014ರ ಡಿಸೆಂಬರ್ 11ರಂದು ಒಪ್ಪಿಗೆಯಾಯಿತು. ಜೂನ್ 21 ಆರಿಸಿದ್ದು ಉತ್ತರಾರ್ಧ ಗೋಳದಲ್ಲಿ ಹಗಲು ಅತಿ ಉದ್ದ ಇರುವ ದಿನ ಅಂತ. ಸಿಂಗಪುರ ಶೌಚಾಲಯ ದಿನ ಕೇಳಿತು. ನವೆಂಬರ್ 19ರ ಆ ದಿನಕ್ಕೆ ಮೊದಲು ಎಲ್ಲರೂ ಮುಖ ಮುರಿದರು, 2013ರಲ್ಲಿ ಒಪ್ಪಿದರು. ಟೂನಾ ಮೀನೇ ಅನ್ನ, ಅದೇ ಆದಾಯ ಅನ್ನುವ ಪೆಸಿಫಿಕ್ ದ್ವೀಪಗಳಿವೆ. ಅವರಿಗೆ ಆ ದಿನ ನಮ್ಮ ರೈತ ದಿನ ಇದ್ದಂತೆ.

ಒಂದು ಎಚ್ಚರಿಕೆ. ‘ವಿಶ್ವ’ ಅಂತ ಹೆಸರಿದ್ದ ಮಾತ್ರಕ್ಕೆ ಅದು ವಿಶ್ವಸಂಸ್ಥೆಯದ್ದು ಅಂದುಕೊಳ್ಳಬಾರದು. ಕೆಲವನ್ನು ಕಂಪನಿಗಳು, ಕೆಲವನ್ನು ಸಂಘಗಳು ಶುರು ಮಾಡಿವೆ. ಹಲಗೆ ಮೇಲೆ ಬರೆಯುವ ಮುಂಚೆ ಯಾರು ಕೇಳಿದರು, ಯಾರು ಒಪ್ಪಿದರು ಅನ್ನುವುದನ್ನು ನೋಡಿಕೊಳ್ಳಿ ಟೀಚರೇ. ಕಥೆ ಇರುವುದೇ ಅಲ್ಲಿ.

ತುಡುವೆ ಪೆಟ್ಟಿಗೆ (ಫೆಬ್ರವರಿ 3, ಮಧ್ಯಾಹ್ನ 2:10)

ಶಿರಸಿ ಕಡೆಯಿಂದ ನಮಸ್ಕಾರ. ಜೇನು ಸಾಕುವವನು. ನಮ್ಮ ದಿನ ಮೇ 20. ಯೂರೋಪಿನ ಸ್ಲೊವೇನಿಯಾ ಎಂಬ ಪುಟ್ಟ ದೇಶ ಕೇಳಿ ಪಡೆದದ್ದು. 2017ರಲ್ಲಿ ಒಪ್ಪಿಗೆ, 2018ರಿಂದ ಆಚರಣೆ. ಅಲ್ಲಿ ಆಂಟನ್ ಯಾನ್ಶಾ ಅಂತ ಒಬ್ಬರಿದ್ದರು. ಹಳ್ಳಿಯ ರೈತರ ಮನೆಯ ಹುಡುಗ. ಚಿತ್ರ ಬರೆಯಲು ವಿಯೆನ್ನಾಗೆ ಹೋದವರು ಕೊನೆಗೆ ರಾಣಿಯ ಆಸ್ಥಾನದಲ್ಲಿ ಜೇನು ಸಾಕಣೆ ಕಲಿಸುವ ಮೇಷ್ಟ್ರಾದರು.

ಮಕ್ಕಳಿಗೆ ಇಷ್ಟವಾಗುವ ಸಂಗತಿ ಏನೆಂದರೆ, ಮೇ 20 ಅವರು ಹುಟ್ಟಿದ ದಿನ ಅಂತ ಯಾರೂ ಖಚಿತವಾಗಿ ಹೇಳುವಂತಿಲ್ಲ. ಚರ್ಚಿನ ಪುಸ್ತಕದಲ್ಲಿ ಬರೆದಿರುವುದು 1734ರ ಮೇ 20ಕ್ಕೆ ದೀಕ್ಷಾಸ್ನಾನ ಆಯಿತು ಅಂತ. ಹುಟ್ಟಿದ ದಿನ ಬರೆದಿಟ್ಟಿಲ್ಲ. ನಮ್ಮ ಅಪ್ಪನ ಕಾಲದವರಿಗೆಲ್ಲ ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಜೂನ್ 1 ಅಂತ ಬರೆದುಬಿಟ್ಟ ಹಾಗೆ!

ನಮಗೆ ಮೇ 20 ಅಂದರೆ ತುಪ್ಪ ತೆಗೆಯುವ ಕಾಲ ಮುಗಿಯುತ್ತ ಬಂದ ಹೊತ್ತು. ಮಳೆ ಹಿಡಿದರೆ ಹೂವಿಲ್ಲ, ಪೆಟ್ಟಿಗೆಗೆ ಸಕ್ಕರೆ ನೀರು ಇಡಬೇಕು. 1990ರ ದಶಕದ ಮೊದಲಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ರೋಗ ಬಂತು. ಮರಿಹುಳುಗಳು ಕಣದಲ್ಲೇ ನೀರು ತುಂಬಿದ ಚೀಲದ ಹಾಗೆ ಆಗಿ ಸತ್ತವು. ನಮ್ಮ ತಂದೆಯವರ ಪೆಟ್ಟಿಗೆಗಳಲ್ಲಿ ಉಳಿದದ್ದು ಎರಡೇ. ಖಾಲಿ ಪೆಟ್ಟಿಗೆಗಳನ್ನು ಅಮ್ಮ ಕೋಳಿಗೂಡು ಮಾಡಿದರು. ಆ ವರ್ಷದ ಮೌನ ನನಗೆ ಈಗಲೂ ನೆನಪಿದೆ. ಜೇನಿಗೊಂದು ದಿನ ಬೇಕಾ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುವುದು.

ಬಯಲುಸೀಮೆಯವರೇ, ಗುಂಡಿಯ ಬಗ್ಗೆ ನೀವು ಹೇಳಿದ್ದು ನಿಜ. ಪರಿಸರದ ದಿನ ಅಂತ ನನ್ನನ್ನು ಕೇಳಿದರೆ ನಾನು ಇನ್ನೊಂದನ್ನೂ ಹೇಳುತ್ತೇನೆ. ಸೆಪ್ಟೆಂಬರ್ 11, ಅರಣ್ಯ ಹುತಾತ್ಮರ ದಿನ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಅರಮನೆಗೆ ಬೇಕು ಅಂತ ಬನ್ನಿ ಮರ ಕಡಿಯಲು ಆಳುಗಳು ಬಂದರು. ಅಮೃತಾ ದೇವಿ ಎಂಬ ಹೆಂಗಸು ಮರ ಅಪ್ಪಿಕೊಂಡು ನಿಂತಳು. ಅವಳನ್ನೂ ಸೇರಿ 363 ಬಿಷ್ಣೋಯಿ ಜನ ಪ್ರಾಣ ಕೊಟ್ಟರು. ನಮ್ಮ ಸಲ್ಕಣಿಯವರು 1983ರ ಸೆಪ್ಟೆಂಬರ್‌ನಲ್ಲಿ ಕಾಡಿಗೆ ನಡೆದು ಹೋಗಿ ಮರ ಅಪ್ಪಿ ನಿಂತು ಅಪ್ಪಿಕೋ ಚಳವಳಿ ಶುರು ಮಾಡಿದ್ದೂ ಅದೇ ಪರಂಪರೆಯಲ್ಲಿ.

ಬಯಲುಸೀಮೆ (ಫೆಬ್ರವರಿ 3, ಸಂಜೆ 6:00)

363 ಜನ ಅಂತ ನನಗೆ ಗೊತ್ತಿರಲಿಲ್ಲ. ನಮ್ಮೂರಲ್ಲಿ ದಸರಾದ ದಿನ ಬನ್ನಿ ಹಂಚಿ ‘ಬಂಗಾರದ ಹಾಗೆ ಇರೋಣ’ ಅನ್ನುತ್ತೇವೆ. ಅದೇ ಮರಕ್ಕೆ ಇಷ್ಟು ಜನ ಸತ್ತಿದ್ದಾರಾ? ಮುಂದಿನ ದಸರಾಕ್ಕೆ ಮನೆಯಲ್ಲಿ ಹೇಳುತ್ತೇನೆ.

ಸ್ಲೈಡು ಸೂಕ್ಷ್ಮದರ್ಶಕ (ಫೆಬ್ರವರಿ 4, ರಾತ್ರಿ 10:20)

ರಾಯಚೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ನಮ್ಮ ಆರೋಗ್ಯ ಇಲಾಖೆಯ ಕ್ಯಾಲೆಂಡರಿನಲ್ಲಿ ಹೆಚ್ಚಿನವು ಯಾರದೋ ಹುಟ್ಟಿದ ದಿನ. ರಕ್ತದಾನಿಗಳ ದಿನ ಜೂನ್ 14, ರಕ್ತದ ಗುಂಪು ಕಂಡುಹಿಡಿದ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ. ದಾದಿಯರ ದಿನ ಮೇ 12, ಫ್ಲಾರೆನ್ಸ್ ನೈಟಿಂಗೇಲ್. ಸಕ್ಕರೆ ಕಾಯಿಲೆಯ ದಿನ ನವೆಂಬರ್ 14, ಇನ್ಸುಲಿನ್ ಕೊಟ್ಟ ಬ್ಯಾಂಟಿಂಗ್. ನಮ್ಮಲ್ಲಿ ಅದೇ ದಿನ ಮಕ್ಕಳ ದಿನಾಚರಣೆ, ಹಾಗಾಗಿ ಸಿಹಿ ಹಂಚುವ ದಿನವೇ ಸಕ್ಕರೆ ತಪಾಸಣೆ.

ಇವು ಎಲ್ಲ ಕಡೆ ಸಿಗುತ್ತವೆ, ನಾನು ಹೇಳಬೇಕೆಂದದ್ದು ಆಗಸ್ಟ್ 20. ವಿಶ್ವ ಸೊಳ್ಳೆ ದಿನ. ಈ ದಿನ ನಮ್ಮ ನೆಲದ್ದು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅನ್ನುವ ವೈದ್ಯರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಅದಕ್ಕೂ ಮುಂಚೆ ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆ ಅಂತಲೇ ಜನ ನಂಬಿದ್ದರು. ಹುಸೇನ್ ಖಾನ್ ಎಂಬ ಒಬ್ಬ ರೋಗಿ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದ. ಒಂದು ಸೊಳ್ಳೆಗೆ ಒಂದು ಆಣೆ ಕೂಲಿ. ಆ ಸೊಳ್ಳೆಗಳನ್ನು ಇಟ್ಟುಕೊಂಡು ರಾಸ್ ಒಂದೊಂದನ್ನೇ ಕೊಯ್ದು ನೋಡುತ್ತ ಹೋದರು. ಆಗಸ್ಟ್ ತಿಂಗಳ ಸೆಖೆ. ಪಂಖಾ ಹಾಕಿದರೆ ಕೊಯ್ದ ಸೊಳ್ಳೆ ಹಾರಿ ಹೋಗುತ್ತದೆ, ಹಾಗಾಗಿ ಬೆವರು ಸುರಿಸುತ್ತಲೇ ಕೂರಬೇಕಿತ್ತು. ನಾನೂ ದಿನವಿಡೀ ಸ್ಲೈಡು ನೋಡುವವನು. ಏನೂ ಕಾಣದ ನೂರನೇ ಸ್ಲೈಡಿನಲ್ಲಿ ಕಣ್ಣು ಹೇಗಿರುತ್ತದೆ ಅಂತ ಗೊತ್ತು. ನೂರಾ ಒಂದನೆಯದನ್ನು ಅಷ್ಟೇ ಗಮನ ಇಟ್ಟು ನೋಡುವುದು ಸುಲಭ ಅಲ್ಲ.

ಆವತ್ತನ್ನು ಸೊಳ್ಳೆಯ ದಿನ ಅಂತ ಕರೆಯಬೇಕು ಅಂದವರು ರಾಸ್ ಅವರೇ. 1902ರಲ್ಲಿ ನೊಬೆಲ್ ಬಂತು. ನನಗೆ ಬೇಸರ ಇರುವುದು ಒಂದೇ. ಆ ದಿನದ ಭಾಷಣಗಳಲ್ಲಿ ಹುಸೇನ್ ಖಾನ್ ಹೆಸರು ಯಾರೂ ಹೇಳುವುದಿಲ್ಲ. ಅವನ ಮೈಯ ರಕ್ತ ಕುಡಿದ ಸೊಳ್ಳೆಯಲ್ಲಿ ತಾನೇ ಸಿಕ್ಕಿದ್ದು?

ಬೆಂಗಳೂರಿನವರಿಗೂ ಒಂದು ಮಾತು. ರಾಸ್ 1883ರಲ್ಲಿ ಬೆಂಗಳೂರು ದಂಡಿನಲ್ಲಿ ವೈದ್ಯರಾಗಿದ್ದರು. ನಿಂತ ನೀರು ಇಲ್ಲದಂತೆ ಮಾಡಿದರೆ ಸೊಳ್ಳೆ ಕಡಿಮೆ ಮಾಡಬಹುದು ಅಂತ ಅವರಿಗೆ ಹೊಳೆದದ್ದು ಅಲ್ಲೇ.

ಮಲೆನಾಡ ಟೀಚರ್ (ಫೆಬ್ರವರಿ 4, ರಾತ್ರಿ 10:45)

ಅಣ್ಣ, ಆಗಸ್ಟ್ 20ಕ್ಕೆ ನಮ್ಮ ಹಲಗೆ ಮೇಲೆ ಹುಸೇನ್ ಖಾನ್ ಹೆಸರು ಇರುತ್ತದೆ. ರಾಸ್ ಹೆಸರಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ.

ಮಾರ್ಚ್ 8ರ ಬಗ್ಗೆ ಯಾರಾದರೂ ಹೇಳುತ್ತೀರಾ? ಮಹಿಳಾ ದಿನಕ್ಕೆ ಈಗಲೇ ತಯಾರಿ ಶುರು ಮಾಡಬೇಕು. ಒಂದು ಕಡೆ 1857ರಲ್ಲಿ ನ್ಯೂಯಾರ್ಕಿನ ಬಟ್ಟೆ ಕಾರ್ಖಾನೆ ಹೆಂಗಸರು ಮಾರ್ಚ್ 8ಕ್ಕೆ ಮುಷ್ಕರ ಮಾಡಿದರು ಅಂತ ಓದಿದೆ.

ಹಳೇ ಕ್ಯಾಲೆಂಡರ್ (ಫೆಬ್ರವರಿ 5, ಬೆಳಿಗ್ಗೆ 9:50)

1857ರ ಕಥೆಗೆ ಆಧಾರ ಸಿಕ್ಕಿಲ್ಲ ಟೀಚರೇ. ಆ ಕಾಲದ ದಾಖಲೆಗಳಲ್ಲಿ ಅಂಥ ಮುಷ್ಕರ ಇಲ್ಲ. ಆಮೇಲೆ ಹುಟ್ಟಿಕೊಂಡು ಬಾಯಿಂದ ಬಾಯಿಗೆ ಹೋದದ್ದು. ಅದನ್ನು ಬಿಟ್ಟುಬಿಡಿ, ನಿಜವಾದ ಕಥೆಯೇ ದೊಡ್ಡದಿದೆ.

1910ರಲ್ಲಿ ಕೋಪನ್‌ಹೇಗನ್‌ನಲ್ಲಿ ಸಮಾಜವಾದಿ ಮಹಿಳೆಯರ ಸಮ್ಮೇಳನ ನಡೆಯಿತು. ಎಲ್ಲ ದೇಶದ ಹೆಂಗಸರಿಗೂ ಸೇರಿ ಒಂದು ದಿನ ಬೇಕು ಅಂತ ಜರ್ಮನಿಯ ಕ್ಲಾರಾ ಜೆಟ್ಕಿನ್ ಕೇಳಿದರು. ಮುಖ್ಯ ಬೇಡಿಕೆ ಓಟಿನ ಹಕ್ಕು. ತಾರೀಖು ಮಾತ್ರ ಗೊತ್ತು ಮಾಡಲಿಲ್ಲ. 1911ರಲ್ಲಿ ಮೊದಲ ಸಲ ಜರ್ಮನಿ, ಆಸ್ಟ್ರಿಯಾ, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಆಚರಿಸಿದ್ದು ಮಾರ್ಚ್ 19ರಂದು.

ಮಾರ್ಚ್ 8 ಗಟ್ಟಿಯಾಗಿ ನಿಂತದ್ದು ರಷ್ಯಾದಿಂದ. 1917. ಯುದ್ಧ ನಡೆಯುತ್ತಿತ್ತು, ಪೆಟ್ರೊಗ್ರಾಡ್ ನಗರದಲ್ಲಿ ಬ್ರೆಡ್ಡಿಗೆ ಗಂಟೆಗಟ್ಟಲೆ ಸಾಲು. ಕೊರೆಯುವ ಚಳಿ. ಆವತ್ತು ಮಹಿಳಾ ದಿನ ಅಂತ ಬಟ್ಟೆ ಗಿರಣಿಯ ಹೆಂಗಸರು ಕೆಲಸ ಬಿಟ್ಟು ಬೀದಿಗೆ ಬಂದರು. ಪಕ್ಕದ ಕಾರ್ಖಾನೆಗಳ ಗಂಡಸರನ್ನೂ ಕರೆದರು. ‘ಬ್ರೆಡ್ ಕೊಡಿ’ ಅಂತ ಶುರುವಾದದ್ದು ಒಂದೇ ವಾರದಲ್ಲಿ ಝಾರ್ ದೊರೆ ಗದ್ದುಗೆ ಬಿಡುವವರೆಗೆ ಹೋಯಿತು. ಅದೇ ವರ್ಷ ರಷ್ಯಾದ ಹೆಂಗಸರಿಗೆ ಓಟು ಸಿಕ್ಕಿತು.

ಇಲ್ಲೊಂದು ಸ್ವಾರಸ್ಯ, ನಿಮ್ಮ ಐದನೇ ಕ್ಲಾಸಿನ ಹುಡುಗಿಗೆ ಹಿಡಿಸುತ್ತದೆ. ರಷ್ಯಾದಲ್ಲಿ ಆಗ ಹಳೇ ಜೂಲಿಯನ್ ಕ್ಯಾಲೆಂಡರ್ ಇತ್ತು. ನಮ್ಮ ಈಗಿನ ಕ್ಯಾಲೆಂಡರಿಗಿಂತ 13 ದಿನ ಹಿಂದೆ. ಆ ಹೆಂಗಸರು ಬೀದಿಗೆ ಬಂದ ದಿನ ಅವರ ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಫೆಬ್ರವರಿ 23 ಅಂತ ಇತ್ತು! ಚಾಂದ್ರಮಾನ, ಸೌರಮಾನ ಯುಗಾದಿ ಬೇರೆ ಬೇರೆ ದಿನ ಬರುವ ನಮಗೆ ಇದು ಅರ್ಥವಾಗುವುದು ಕಷ್ಟ ಅಲ್ಲ. ವಿಶ್ವಸಂಸ್ಥೆ ಮಾರ್ಚ್ 8ನ್ನು ಆಚರಿಸಲು ಶುರು ಮಾಡಿದ್ದು 1975ರಲ್ಲಿ.

ಸೂಜಿ ದಾರ (ಫೆಬ್ರವರಿ 6, ರಾತ್ರಿ 11:10)

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ನಾನು, ಹದಿನಾಲ್ಕು ವರ್ಷವಾಯಿತು. ಸರ್ ಬರೆದದ್ದನ್ನು ಎರಡು ಸಲ ಓದಿದೆ. ಬಟ್ಟೆ ಗಿರಣಿಯ ಹೆಂಗಸರು ಅಂದಾಗ ಮೈ ಜುಮ್ಮೆಂದಿತು.

ನಾನು ಮೊದಲಿದ್ದ ಫ್ಯಾಕ್ಟರಿಯಲ್ಲಿ ಮಾರ್ಚ್ 8ಕ್ಕೆ ಗೇಟಿನಲ್ಲೇ ಒಬ್ಬೊಬ್ಬರಿಗೆ ಒಂದು ಗುಲಾಬಿ ಕೊಡುತ್ತಿದ್ದರು. ಮಧ್ಯಾಹ್ನ ಕೇಕು, ರಂಗೋಲಿ ಸ್ಪರ್ಧೆ. ಅದಕ್ಕೆ ಹೋದ ಮುಕ್ಕಾಲು ಗಂಟೆಯ ಟಾರ್ಗೆಟ್ ಸಂಜೆ ಮುಗಿಸಬೇಕಿತ್ತು. ಒಂದು ವರ್ಷ ಗುಲಾಬಿಯನ್ನು ಮಿಷನ್ನಿನ ದಾರದ ಕಂಬಕ್ಕೆ ಸಿಕ್ಕಿಸಿದ್ದೆ. ಮನೆಗೆ ಹೊರಡುವ ಹೊತ್ತಿಗೆ ಬಾಡಿ ತಲೆ ಬಗ್ಗಿಸಿತ್ತು. ಲೈನಿನಲ್ಲಿ ಬಸುರಿ ಹುಡುಗಿ ಒಬ್ಬಳಿದ್ದಳು. ಅವಳು ಟಾಯ್ಲೆಟ್ಟಿಗೆ ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಿದ್ದ. ಆವತ್ತೂ ನೋಡಿದ.

ನನಗೆ ಗುಲಾಬಿ ಮೇಲೆ ಸಿಟ್ಟಿಲ್ಲ. ಈ ದಿನ ಯಾಕೆ ಬಂತು ಅಂತ ಯಾರೂ ನಮಗೆ ಹೇಳಲಿಲ್ಲವಲ್ಲ ಅಂತ ದುಃಖ. ಹೇಳಿದ್ದರೆ ನಾವು ಆವತ್ತು ಕೇಕಿನ ಬದಲು ಬೇರೆ ಏನಾದರೂ ಕೇಳುತ್ತಿದ್ದೆವೋ ಏನೋ.

ಹಳೇ ಕ್ಯಾಲೆಂಡರ್ (ಫೆಬ್ರವರಿ 7, ಬೆಳಿಗ್ಗೆ 8:30)

ತಂಗೀ, ನಿಮ್ಮ ಕೆಲಸದವರಿಗೆ ಸಂಬಂಧಿಸಿದ ಇನ್ನೊಂದು ತಾರೀಖು ಹೇಳಬೇಕು. ಮೊದಲ ಮಹಿಳಾ ದಿನ ಆದ ಆರೇ ದಿನಕ್ಕೆ, 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ರವಿಕೆ ಕಾರ್ಖಾನೆಗೆ ಬೆಂಕಿ ಬಿತ್ತು. 146 ಜನ ಸತ್ತರು. ಹೆಚ್ಚಿನವರು ಬೇರೆ ದೇಶದಿಂದ ಹೊಟ್ಟೆಪಾಡಿಗೆ ಬಂದ ಹುಡುಗಿಯರು. ಹೊರಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಆಮೇಲಿನ ವರ್ಷಗಳ ಮಹಿಳಾ ದಿನಗಳಲ್ಲಿ ಕೆಲಸದ ಜಾಗದ ಸುರಕ್ಷತೆಯ ಮಾತು ಜೋರಾಗಿ ಬಂದದ್ದು ಆ ಸಾವುಗಳಿಂದ.

ಸೂಜಿ ದಾರ (ಫೆಬ್ರವರಿ 7, ರಾತ್ರಿ 10:50)

ಬಾಗಿಲಿಗೆ ಬೀಗ. ಸರ್, ಇವತ್ತು ನಮ್ಮ ಫ್ಲೋರಿನ ಎಮರ್ಜೆನ್ಸಿ ಬಾಗಿಲ ಹತ್ತಿರ ಹೋಗಿ ನೋಡಿ ಬಂದೆ. ತೆರೆದಿತ್ತು. ಎದುರಿಗೆ ಇಟ್ಟಿದ್ದ ಪೀಸ್ ಬಂಡಲ್‌ಗಳನ್ನು ಪಕ್ಕಕ್ಕೆ ಸರಿಸಲು ಹೇಳಿದೆ. ಸರಿಸಿದರು.

ಢಾಕಾದಲ್ಲಿದ್ದವ (ಫೆಬ್ರವರಿ 9, ರಾತ್ರಿ 9:30)

ಅಕ್ಕ ಬರೆದದ್ದು ಓದಿ ನಾನೂ ಬರೆಯಬೇಕು ಅನ್ನಿಸಿತು. ಊರು ಮಂಗಳೂರು, ಮನೆಮಾತು ತುಳು. ಗಾರ್ಮೆಂಟ್ಸ್ ವ್ಯವಹಾರದಲ್ಲೇ ಕೆಲವು ವರ್ಷ ಢಾಕಾದಲ್ಲಿದ್ದೆ. ಅದರ ಹತ್ತಿರದ ಸಾವರ್‌ನಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕುಸಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಏಪ್ರಿಲ್ 28 ಕೆಲಸದ ಸ್ಥಳದ ಸುರಕ್ಷತೆಯ ವಿಶ್ವ ದಿನ. ಅಲ್ಲಿ ಆ ವಾರ ಯಾರೂ ಜೋರಾಗಿ ಮಾತಾಡುವುದಿಲ್ಲ.

ಟೀಚರೇ, ಫೆಬ್ರವರಿ 21 ಹತ್ತಿರ ಬಂತು. ತಾಯ್ನುಡಿ ದಿನ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ದೇಶ ಒಡೆದ ಮೇಲೆ ಈಗಿನ ಬಾಂಗ್ಲಾದೇಶ ಪಾಕಿಸ್ತಾನದ ಪೂರ್ವ ಭಾಗವಾಗಿತ್ತು. ಅಲ್ಲಿನ ಜನ ಬಂಗಾಳಿ ಮಾತಾಡುವವರು. ಆದರೆ ರಾಜ್ಯಭಾಷೆ ಉರ್ದು ಒಂದೇ ಅಂತ 1948ರಲ್ಲಿ ಜಿನ್ನಾ ಢಾಕಾದಲ್ಲೇ ನಿಂತು ಹೇಳಿದರು. ಜನ ಒಪ್ಪಲಿಲ್ಲ. 1952ರ ಫೆಬ್ರವರಿ 21ರಂದು ಗುಂಪು ಸೇರಬಾರದು ಅಂತ 144ನೇ ಸೆಕ್ಷನ್ ಹಾಕಿದ್ದರು. ವಿಶ್ವವಿದ್ಯಾಲಯದ ಹುಡುಗರು, ಹುಡುಗಿಯರು ಅದನ್ನು ಮುರಿದು ಹೊರಗೆ ಬಂದರು. ಮೆಡಿಕಲ್ ಕಾಲೇಜಿನ ಹತ್ತಿರ ಪೊಲೀಸರು ಗುಂಡು ಹಾರಿಸಿದರು. ರಫೀಕ್, ಬರ್ಕತ್, ಜಬ್ಬಾರ್, ಸಲಾಂ. ಈ ಹೆಸರುಗಳು ಅಲ್ಲಿನ ಚಿಕ್ಕ ಮಕ್ಕಳಿಗೂ ಬಾಯಿಪಾಠ. ನಾಲ್ಕು ವರ್ಷದ ಮೇಲೆ, 1956ರ ಸಂವಿಧಾನದಲ್ಲಿ ಬಂಗಾಳಿಗೂ ರಾಜ್ಯಭಾಷೆಯ ಸ್ಥಾನ ಸಿಕ್ಕಿತು.

ಲೋಕದ ದಿನವಾಗಿ ಅದು ಬೆಳೆದ ಬಗೆಯೂ ಚೆನ್ನಾಗಿದೆ. ಕೆನಡಾದ ವ್ಯಾಂಕೂವರ್‌ನಲ್ಲಿದ್ದ ಇಬ್ಬರು ಬಂಗಾಳಿಗಳು, ರಫೀಕುಲ್ ಇಸ್ಲಾಂ ಮತ್ತು ಅಬ್ದುಸ್ ಸಲಾಂ. 1998ರಲ್ಲಿ ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಅವರಿಗೆ ಪತ್ರ ಬರೆದರು. ಲೋಕದ ಎಲ್ಲ ತಾಯ್ನುಡಿಗಳಿಗೂ ಈ ದಿನ ಇರಲಿ ಅಂತ. ಬಾಂಗ್ಲಾದೇಶ ಸರ್ಕಾರ ಅದನ್ನು ಎತ್ತಿಕೊಂಡಿತು. 1999ರ ನವೆಂಬರ್ 17ರಂದು ಯುನೆಸ್ಕೊ ಒಪ್ಪಿತು. ಶುರುವಾದದ್ದು ಒಂದು ಪತ್ರದಿಂದ!

ನಾನಿದ್ದಾಗ ಇಪ್ಪತ್ತನೇ ತಾರೀಖು ರಾತ್ರಿ ಆಫೀಸಿನ ಗೆಳೆಯರು ಕರೆದುಕೊಂಡು ಹೋದರು. ಆ ಹುತಾತ್ಮರ ಸ್ಮಾರಕ ಶಹೀದ್ ಮಿನಾರಿಗೆ ಹೋಗುವ ರಸ್ತೆ ತುಂಬಾ ಬಿಳಿ, ಕೆಂಪು ಬಣ್ಣದ ಆಲ್ಪನಾ. ನಮ್ಮ ರಂಗೋಲಿಯ ಹಾಗೆ, ಆದರೆ ಡಾಂಬರಿನ ಮೇಲೆ ಬ್ರಷ್ಷಿನಲ್ಲಿ ಬರೆದದ್ದು. ಒಂದು ಕಡೆ ಬಂದ ಕೂಡಲೇ ಗೆಳೆಯ ಬಗ್ಗಿ ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದ. ಎಲ್ಲರೂ ಬರಿಗಾಲು. ನಾನೂ ಶೂ ಬಿಚ್ಚಿದೆ. ಫೆಬ್ರವರಿಯ ರಾತ್ರಿ, ಡಾಂಬರು ತಣ್ಣಗಿತ್ತು. ಕೈಯಲ್ಲಿ ಚೆಂಡು ಹೂ. ಅಪ್ಪನ ಹೆಗಲ ಮೇಲೆ ಕೂತ ಮಗು ನಿದ್ದೆಗಣ್ಣಲ್ಲೇ ಹೂವು ಬಿಗಿಯಾಗಿ ಹಿಡಿದಿತ್ತು. ಹನ್ನೆರಡು ದಾಟಿದ ಮೇಲೆ ಸಾಲು ಮುಂದೆ ಸರಿಯಲು ಶುರುವಾಯಿತು. ಗೆಳೆಯ ಮೆಲ್ಲಗೆ ಕೇಳಿದ, ‘ನಿನ್ನ ತಾಯ್ನುಡಿ ಯಾವುದು?’ ತುಳು ಅಂದೆ. ‘ಅದರಲ್ಲಿ ಶಾಲೆ ಇದೆಯಾ?’

ಉತ್ತರ ಕೊಡಲು ಹೊತ್ತು ಹಿಡಿಯಿತು. ಯುನೆಸ್ಕೊದ ಅಪಾಯದ ಅಂಚಿನ ಭಾಷೆಗಳ ಪಟ್ಟಿಯಲ್ಲಿ ತುಳು ಇದೆ, ಕೊಡವ ಇದೆ, ಕೊರಗ ಇದೆ. ನನ್ನ ಮಗಳು ಅಜ್ಜಿಯ ತುಳುವಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಆ ರಾತ್ರಿಯಿಂದ ಮನೆಗೆ ಫೋನ್ ಮಾಡಿದರೆ ಅವಳ ಹತ್ತಿರ ತುಳುವಿನಲ್ಲೇ ಮಾತಾಡುತ್ತೇನೆ. ಮೊದಲು ನಗುತ್ತಿದ್ದಳು. ಈಗ ಅವಳೂ ಮಾತಾಡುತ್ತಾಳೆ.

ತುಡುವೆ ಪೆಟ್ಟಿಗೆ (ಫೆಬ್ರವರಿ 10, ಬೆಳಿಗ್ಗೆ 6:40)

ಓದಿ ಸುಮ್ಮನೆ ಕೂತುಬಿಟ್ಟೆ. ಅಸ್ಸಾಮಿನ ಸಿಲ್ಚಾರ್‌ನಲ್ಲೂ 1961ರ ಮೇ 19ರಂದು ಬಂಗಾಳಿಗಾಗಿ ನಿಂತ 11 ಜನ ಪೊಲೀಸ್ ಗುಂಡಿಗೆ ಸತ್ತರು. ನಮ್ಮ ದೇಶದ್ದೇ ಆದ ಈ ದಿನ ನಮಗೆ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಬಯಲುಸೀಮೆ (ಫೆಬ್ರವರಿ 10, ಸಂಜೆ 7:20)

ನನ್ನ ಪ್ರಶ್ನೆ ವಾಪಸ್ ತೆಗೆದುಕೊಳ್ಳುವುದಿಲ್ಲ, ಅರ್ಧ ಮಾತ್ರ ಇಟ್ಟುಕೊಳ್ಳುತ್ತೇನೆ. ತಾಯಂದಿರ ದಿನದ ಬಗ್ಗೆ ಹೇಳಿ. ಅದು ಕಾರ್ಡು, ಹೂವು ಮಾರುವವರು ಮಾಡಿದ್ದೇ ಅಲ್ವಾ?

ಹಳೇ ಕ್ಯಾಲೆಂಡರ್ (ಫೆಬ್ರವರಿ 11, ಬೆಳಿಗ್ಗೆ 11:00)

ಮಾರುವವರು ಹಿಡಿದುಕೊಂಡದ್ದು, ಅವರು ಮಾಡಿದ್ದಲ್ಲ. ಅಮೆರಿಕದ ಅನ್ನಾ ಜಾರ್ವಿಸ್ ಎಂಬ ಮಗಳು ಶುರು ಮಾಡಿದ್ದು. ಆಕೆಯ ತಾಯಿ ಊರಿನ ಹೆಂಗಸರನ್ನು ಸೇರಿಸಿ, ಮಕ್ಕಳು ಕಾಯಿಲೆಯಿಂದ ಸಾಯದಂತೆ ಶುಚಿತ್ವ ಕಲಿಸುತ್ತಿದ್ದವರು. ಅಂತರ್ಯುದ್ಧ ಬಂದಾಗ ಎರಡೂ ಕಡೆಯ ಗಾಯಾಳುಗಳನ್ನು ನೋಡಿಕೊಂಡರು. ಅವರು ತೀರಿಕೊಂಡದ್ದು 1905ರ ಮೇ ತಿಂಗಳಲ್ಲಿ. ಮಗಳು 1908ರ ಮೇ 10ರಂದು ಊರ ಚರ್ಚಿನಲ್ಲಿ ಮೊದಲ ಸ್ಮರಣೆ ಮಾಡಿಸಿದಳು. ಅವ್ವನಿಗೆ ಇಷ್ಟವಾದ ಬಿಳಿ ಕಾರ್ನೇಷನ್ ಹೂ ಕಳಿಸಿದಳು. 1914ರಲ್ಲಿ ಅಧ್ಯಕ್ಷ ವಿಲ್ಸನ್ ಮೇ ತಿಂಗಳ ಎರಡನೇ ಭಾನುವಾರವನ್ನು ಗೊತ್ತು ಮಾಡಿದರು.

ಆಮೇಲೆ ಹೂವಿನ ಬೆಲೆ ಏರಿತು, ಅಚ್ಚು ಹಾಕಿದ ಕಾರ್ಡು ಬಂತು. ಅವ್ವನಿಗೆ ನಾಲ್ಕು ಸಾಲು ಕೈಯಿಂದ ಬರೆಯಲು ಆಗುವುದಿಲ್ಲವಾ ಅಂತ ಅನ್ನಾ ಕೇಳಿದಳು. ವ್ಯಾಪಾರದ ವಿರುದ್ಧ ಕೋರ್ಟು, ಕಚೇರಿ ಅಲೆದು ಇದ್ದ ಹಣವನ್ನೆಲ್ಲ ಕಳೆದುಕೊಂಡಳು. 1948ರಲ್ಲಿ ಆರೈಕೆ ಕೇಂದ್ರವೊಂದರಲ್ಲಿ ತೀರಿಕೊಂಡಳು. ನಿಮ್ಮ ಸಿಟ್ಟು ಬಯಲುಸೀಮೆಯವರೇ, ಆ ದಿನ ಹುಟ್ಟಿಸಿದವಳ ಸಿಟ್ಟೂ ಹೌದು.

ಮಲೆನಾಡ ಟೀಚರ್ (ಫೆಬ್ರವರಿ 22, ರಾತ್ರಿ 9:00)

ನಿನ್ನೆ ಏನು ಮಾಡಿದೆವು ಅಂತ ನಿಮಗೆಲ್ಲ ಹೇಳಲೇಬೇಕು.

ಹಲಗೆ ಮೇಲೆ ನಾಲ್ಕು ಹೆಸರು ಬರೆಸಿದೆ. ರಫೀಕ್, ಬರ್ಕತ್, ಜಬ್ಬಾರ್, ಸಲಾಂ. ಕಥೆ ಹೇಳಿದೆ. ಆಮೇಲೆ, ‘ನಿಮ್ಮ ಮನೆಯಲ್ಲಿ ನೀರಿಗೆ ಏನಂತೀರಿ? ಬಂದು ಬರೀರಿ’ ಅಂದೆ. ನಮ್ಮ ಶಾಲೆಯಲ್ಲಿ ಎಲ್ಲರೂ ಕನ್ನಡವೇ ಮಾತಾಡುವುದು, ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ. ಮೊದಲು ‘ನೀರು’ ಬಂತು. ಬಷೀರನ ತಂಗಿ ‘ಪಾನಿ’ ಬರೆದಳು. ಕೊಂಕಣಿ ಮನೆಯ ಹುಡುಗ ‘ಉದ್ದಾಕ’. ತೋಟದ ಕೆಲಸಕ್ಕೆ ಬಂದವರ ಮಗ ‘ತಣ್ಣಿ’. ತುಳು ಮನೆಯವಳು ‘ನೀರ್’ ಅಂತ ಬರೆದು, ‘ಉ ಇಲ್ಲ ಮಿಸ್, ತಪ್ಪಲ್ಲ’ ಅಂತ ತಾನೇ ಹೇಳಿದಳು.

ಕೊನೆಯ ಬೆಂಚಿನಲ್ಲಿ ಒಬ್ಬ ಲಂಬಾಣಿ ಹುಡುಗ ಇದ್ದಾನೆ. ರಸ್ತೆ ಕೆಲಸಕ್ಕೆ ಬಂದವರ ಮಗ. ಸೇರಿ ಮೂರು ತಿಂಗಳಾದರೂ ಕ್ಲಾಸಿನಲ್ಲಿ ಬಾಯಿ ಬಿಟ್ಟವನಲ್ಲ. ಎದ್ದು ಬಂದು ‘ಪಾಣಿ’ ಅಂತ ಬರೆದ. ಪಾನಿ ಪಕ್ಕದಲ್ಲೇ. ಎರಡನ್ನೂ ನೋಡಿ ‘ಇವು ಅಣ್ಣ ತಮ್ಮ’ ಅಂದ. ಆಮೇಲೆ ಊಟದ ಗಂಟೆ ಹೊಡೆಯುವವರೆಗೂ ಅವನಿಗೆ ಮಕ್ಕಳೆಲ್ಲ ಸುತ್ತ ಕೂತು ‘ಹಾಲಿಗೆ ಏನಂತೀಯ, ಬೆಂಕಿಗೆ ಏನಂತೀಯ’ ಅಂತ ಕೇಳುತ್ತಲೇ ಇದ್ದರು. ಅವನು ಹೇಳುತ್ತಲೇ ಇದ್ದ.

ಹಲಗೆಯನ್ನು ಇವತ್ತೂ ಒರೆಸಿಲ್ಲ.

ಢಾಕಾದಲ್ಲಿದ್ದವ (ಫೆಬ್ರವರಿ 22, ರಾತ್ರಿ 9:25)

ಟೀಚರೇ, ಆ ಹಲಗೆಯ ಫೋಟೋ ಇದ್ದರೆ ಹಾಕಿ. ಢಾಕಾದ ಗೆಳೆಯನಿಗೆ ಕಳಿಸುತ್ತೇನೆ.

ಸೂಜಿ ದಾರ (ಫೆಬ್ರವರಿ 22, ರಾತ್ರಿ 11:30)

ಮಾರ್ಚ್ 8ಕ್ಕೆ ಏನು ಬರೆಸುತ್ತೀರಿ ಅಕ್ಕ?

ಮಲೆನಾಡ ಟೀಚರ್ (ಫೆಬ್ರವರಿ 23, ಬೆಳಿಗ್ಗೆ 6:15)

ಆ ಐದನೇ ಕ್ಲಾಸಿನವಳು ತಾನೇ ಬರೆಯುತ್ತೇನೆ ಅಂದಿದ್ದಾಳೆ. ಹಳೇ ಕ್ಯಾಲೆಂಡರ್ ಸರ್ ಹೇಳಿದ ಫೆಬ್ರವರಿ 23ರ ಕಥೆ ಅವಳಿಗೆ ಹೇಳಿದ್ದೆ. ‘ಹಾಗಾದರೆ ಇವತ್ತೂ ಬರೀಬೇಕು, ಮಾರ್ಚ್ 8ಕ್ಕೂ ಬರೀಬೇಕು’ ಅಂತ ಹಟ ಹಿಡಿದಿದ್ದಾಳೆ. ಬೇಗ ಹೊರಡಬೇಕು, ಸುಣ್ಣದ ಕಡ್ಡಿ ತರಲು ಹೇಳಿದ್ದಾಳೆ.